ಕೊಕ್ಕೋ ನೋಡಲು ಘಾನಾಕ್ಕೆ ಹೊರಡುವವರಿಗೆ

2024ರಲ್ಲಿ ಕೊಕ್ಕೋ ರೇಟು ಏರಿದ ಮೇಲೆ ನಮ್ಮ ಕಡೆ ಘಾನಾದ ಮಾತು ಜಾಸ್ತಿ ಆಗಿದೆ. ನಾನು ನವೆಂಬರಿನಲ್ಲಿ ಹೋಗಿ ಬಂದದ್ದು ಗೊತ್ತಾಗಿ "ನಮಗೂ ಹೋಗ್ಬಹುದಾ, ಎಂತೆಲ್ಲ ಬೇಕು?" ಅಂತ ನಾಲ್ಕೈದು ಜನ ಕೇಳಿದ್ರು. ಎಲ್ಲರಿಗೂ ಒಟ್ಟಿಗೆ ಬರೆಯುತ್ತೇನೆ.

ಮೊದಲು ಹಳದಿ ಜ್ವರದ ಲಸಿಕೆ. ಹೊರಡುವ 10 ದಿವಸಕ್ಕಿಂತ ಮೊದಲೇ, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ಒಮ್ಮೆ ಹಾಕಿಸಿದ್ರೆ ಜೀವಮಾನಕ್ಕೆ ಸಾಕು. ಅವರು ಕೊಡುವ ಹಳದಿ ಕಾರ್ಡು ಪಾಸ್‌ಪೋರ್ಟಿನ ಒಟ್ಟಿಗೇ ಇರಲಿ. ಅದು ಅಕ್ರಾದಲ್ಲಿ ಇಳಿಯುವಾಗಲೂ ಬೇಕು, ವಾಪಸ್ ನಮ್ಮ ದೇಶಕ್ಕೆ ಬರುವಾಗಲೂ ಬೇಕು. ಇಲ್ಲದಿದ್ರೆ ಇಲ್ಲಿ 6 ದಿವಸದವರೆಗೆ ಪ್ರತ್ಯೇಕ ಇಡಬಹುದು.

ಎರಡನೆಯದು ಮಲೇರಿಯಾ. ಮಂಗಳೂರಿನ ಮಲೇರಿಯಾ ಕಂಡವರು ನಾವು, ಎಂತ ಆಗ್ತದೆ ಅಂತ ಉದಾಸೀನ ಬೇಡ. ಅಲ್ಲಿ ಹೆಚ್ಚಿನದ್ದು ಫಾಲ್ಸಿಪಾರಂ, ತಡ ಮಾಡಿದ್ರೆ ಜೀವಕ್ಕೇ ಅಪಾಯ. ಡಾಕ್ಟ್ರ ಹತ್ರ ಕೇಳಿ ಮಾತ್ರೆ ಹೋಗುವ ಮೊದಲೇ ಶುರು ಮಾಡಿ, ಬಂದ ಮೇಲೂ ಅವರು ಹೇಳಿದಷ್ಟು ದಿವಸ ತಿನ್ನಿ. ಊರಿಗೆ ಬಂದ ಮೇಲೆ ಜ್ವರ ಬಂದ್ರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ, "ಆಫ್ರಿಕಾಕ್ಕೆ ಹೋಗಿದ್ದೆ" ಅಂತ ಬಾಯಿಬಿಟ್ಟು ಹೇಳಿ.

ಅಕ್ಟೋಬರಿನಿಂದ ಮುಖ್ಯ ಕೊಯ್ಲು, ನೋಡ್ಲಿಕ್ಕೆ ಅದೇ ಒಳ್ಳೆ ಸಮಯ. ಇಂಗ್ಲಿಷ್ ನಡೆಯುತ್ತದೆ. ಟ್ರೋಟ್ರೋ ಎನ್ನುವ ವ್ಯಾನು ಜನ ತುಂಬಿದ ಮೇಲೆಯೇ ಹೊರಡುದು. ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಎಡಗೈಯಲ್ಲಿ ಕೊಡುದು, ತೆಗೊಳ್ಳುದು ಅವರಿಗೂ ಆಗುದಿಲ್ಲ. ಸಸ್ಯಾಹಾರಿಗಳು ಸಾರಿನಲ್ಲಿ ಮೀನು ಉಂಟಾ ಅಂತ ಪ್ರತಿ ಸಲ ಕೇಳಿ. ಅಲಸಂಡೆ ಬೀಜದ ಗಸಿ, ಕರಿದ ಬಾಳೆಹಣ್ಣು ಎಲ್ಲ ಕಡೆ ಸಿಗ್ತದೆ.

1879ರಲ್ಲಿ ಟೆಟ್ಟೆ ಕ್ವಾರ್ಶಿ ಕೊಕ್ಕೋ ಬೀಜ ತಂದು ನೆಟ್ಟ ಮಾಂಪಾಂಗ್‌ನ ತೋಟ ಅಕ್ರಾದಿಂದ ದೂರ ಇಲ್ಲ. ಟಾಫೋದ ಸಂಶೋಧನಾ ಕೇಂದ್ರಕ್ಕೆ ಹೋಗುದಾದ್ರೆ ಮೊದಲೇ ಬರೆದು ಅನುಮತಿ ಕೇಳಿ. ನಮ್ಮಲ್ಲಿ ಹೆಚ್ಚಿನವರು ಹಸಿಬೀಜ ಕೊಡುದು, ಅಲ್ಲಿ ರೈತರೇ ಬಾಳೆಎಲೆಯಲ್ಲಿ ಮುಚ್ಚಿ ಸುಮಾರು 6 ದಿವಸ ಹುದುಗಿಸಿ, ಬಿದಿರಿನ ಚಾಪೆಯಲ್ಲಿ ಒಣಗಿಸಿ ಮಾರುದು. ಕೂತು ನೋಡಿ ಕಲಿಯುವಂಥದ್ದು.

ಆದರೆ ಒಂದು ಮಾತು. ಚಂದದ ಕಾಯಿ ಕಂಡ್ರೆ ನಮಗೆಲ್ಲ ಕೈ ತುರಿಸ್ತದೆ. ಕಾಯಿ, ಬೀಜ, ಕಸಿಕಡ್ಡಿ ಎಂತದೂ ತರಬೇಡಿ. ಅಲ್ಲಿ ಸ್ವೋಲನ್ ಶೂಟ್ ಅಂತ ವೈರಸ್ ರೋಗ ಉಂಟು. 1936ರಲ್ಲಿ ಮೊದಲು ಕಂಡದ್ದು ಅಲ್ಲೇ. ಹಿಟ್ಟುತಿಗಣೆ ಹರಡುದು, ಮದ್ದಿಲ್ಲ, ಮರ ಕಡಿಯುದೇ ದಾರಿ. ಹಾಗೆ ಕೋಟಿಗಟ್ಟಲೆ ಮರ ಕಡಿದಿದ್ದಾರೆ. ಕಡ್ಡಿಯಲ್ಲಿ ವೈರಸ್, ಕಾಯಿಯಲ್ಲಿ ತಿಗಣೆ ಬರಬಹುದು. ಪರ್ಮಿಟ್ ಇಲ್ಲದೆ ತರುದು ಕಾನೂನಿಗೂ ವಿರುದ್ಧ. ಅಲ್ಲಿಯ ಕಾಯಿಕೊಳೆ ಶಿಲೀಂಧ್ರವೂ ನಮ್ಮದಕ್ಕಿಂತ ಜೋರಿನದ್ದು, ಮಣ್ಣಿನಲ್ಲೇ ಉಳಿಯುತ್ತದೆ. ತೋಟಕ್ಕೆ ಹಾಕಿದ ಶೂ ಅಲ್ಲೇ ತೊಳೆದು ಒಣಗಿಸಿ ಪ್ಯಾಕ್ ಮಾಡಿ.

ಒಬ್ಬನ ಚೀಲದಲ್ಲಿ ಬಂದದ್ದು ಒಬ್ಬನ ತೋಟದಲ್ಲಿ ನಿಲ್ಲುದಿಲ್ಲ. ಫೋಟೋ ಎಷ್ಟು ಬೇಕಾದ್ರೂ ತನ್ನಿ.