ರೈಲಿನಲ್ಲಿ ಕೇಳಿದ ಒಂದು ಮಾತು

ಈ ಸ್ಮರಣ ಸಂಚಿಕೆಗೆ ವ್ಯಾಕರಣ ಸಂಬಂಧವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕರು ಅಪೇಕ್ಷಿಸಿದ್ದರು. ಬರೆಯಲು ಕುಳಿತರೆ ಶಾಸ್ತ್ರಕ್ಕಿಂತ ಮೊದಲು ರೈಲೊಂದರ ನೆನಪಾಗುತ್ತಿದೆ. ಓದುಗರು ಮನ್ನಿಸಬೇಕು.

ಮಗಳ ಸಂಸಾರವು ಕಾರವಾರದಲ್ಲಿ ನೆಲೆಸಿದಂದಿನಿಂದ, ಭಾನುವಾರಗಳಂದು ಅಂಕೋಲೆಯಲ್ಲಿ ಮಡಗಾಂವದ ಪ್ಯಾಸೆಂಜರ್ ಗಾಡಿ ಹತ್ತುವುದು ನನಗೆ ರೂಢಿಯಾಗಿದೆ. ಕೊಂಕಣ ರೈಲುಮಾರ್ಗವು ಉದ್ದಕ್ಕೂ ಸಂಚಾರಕ್ಕೆ ತೆರೆದದ್ದು 1998ರ ಜನವರಿ 26ರಂದು. ಅದಕ್ಕೆ ಮುಂಚೆ ನಮಗೆ ಬಸ್ಸೇ ಗತಿ. ಅಂಕೋಲೆ ಕಾರವಾರಗಳ ನಡುವೆ ಹಾರವಾಡವೊಂದೇ ನಿಲ್ದಾಣ. ಆದರೂ ಆ ಅಲ್ಪಾವಧಿಯಲ್ಲಿ ಕಾಣಸಿಗುವ ಜನವೈವಿಧ್ಯವು ಅಲ್ಪವಲ್ಲ. ಭಾನುವಾರ ಕಾರವಾರದ ಸಂತೆ. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಗಿತ್ತಿಯರು ಹರಿವೆ, ಬಸಳೆ, ಗೆಣಸುಗಳ ಬುಟ್ಟಿಗಳನ್ನು ಬೆಂಚಿನಡಿ ತಳ್ಳಿ ನೆಲದಲ್ಲಿಯೇ ಕುಳಿತುಬಿಡುತ್ತಾರೆ. ವೈಶಾಖದಲ್ಲಿ ಕರಿ ಇಶಾಡು ಮಾವಿನ ಪರಿಮಳ ಡಬ್ಬಿಯನ್ನೆಲ್ಲ ವ್ಯಾಪಿಸುತ್ತದೆ. (2023ರಲ್ಲಿ ಆ ಹಣ್ಣಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು, ಬುಟ್ಟಿ ಹೊರುವವಳಿಗೆ ಅದರ ಸುದ್ದಿ ಮುಟ್ಟಿದೆಯೋ ಇಲ್ಲವೋ!) ಬಾಗಿಲ ಬಳಿ ನೌಕಾನೆಲೆಯ ಕೆಲಸಕ್ಕೆ ಬಂದ ಉತ್ತರದೇಶದ ತರುಣರು. ಕೊಂಕಣಿ, ಕನ್ನಡ, ಹಿಂದಿ ಮೂರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತವೆ.

ಕಳೆದ ಬೇಸಗೆಯಲ್ಲಿ ಒಬ್ಬ ತರುಣಿ ಎದ್ದು, "ನಮಸ್ಕಾರ ಸರ್, ಇಲ್ಲಿ ಕೂತುಕೊಳ್ಳಿ" ಎಂದು ಸ್ಥಳ ಬಿಟ್ಟುಕೊಟ್ಟಳು. ಇಪ್ಪತ್ತು ವರ್ಷಗಳ ಹಿಂದೆ ನನ್ನ ಬಳಿ ಎಂಟನೆಯ ತರಗತಿಯಲ್ಲಿ ಓದಿದವಳು. ಜೊತೆಗೆ ಐದಾರು ವರ್ಷದ ಮಗ. ಹಾರವಾಡ ದಾಟಿ ಗಾಡಿಯು ಗುಡ್ಡದೊಳಗಿನ ದೀರ್ಘ ಸುರಂಗವನ್ನು ಹೊಕ್ಕಿತು.

"ಎಂತಕ್ಕೆ ಕತ್ತಲೆ ಆಯ್ತು?" ಎಂದಿತು ಮಗು.

ತಾಯಿ ತಗ್ಗಿದ ದನಿಯಲ್ಲಿ, "ಎಂತಕ್ಕೆ ಅನ್ನಬಾರದು. ಏಕೆ ಅನ್ನಬೇಕು" ಎಂದಳು.

ಆ ದನಿಯ ಏರಿಳಿತ ನನ್ನದು! ತರಗತಿಯಲ್ಲಿ ಅವಳು ಒಮ್ಮೆ "ಎಂತಕ್ಕೆ ಸರ್?" ಎಂದು ಕೇಳಿದ್ದಳು. ಗುರುಗಳ ಸನ್ನಿಧಿಯಲ್ಲಿ ಕೇಶಿರಾಜನ ಸೂತ್ರಗಳನ್ನು ಕಂಠಸ್ಥ ಮಾಡಿದ ಅಹಂಕಾರ ನನಗೆ. ಅವಳನ್ನು ನಿಲ್ಲಿಸಿ, "ಏಕೆ" ಎಂದು ಹತ್ತು ಸಲ ಹೇಳಿಸಿದೆ. ತರಗತಿ ನಕ್ಕಿತು. ಅನಂತರ ಆ ವರ್ಷವೆಲ್ಲ ಅವಳು ಪ್ರಶ್ನೆಯನ್ನೇ ಕೇಳಲಿಲ್ಲ. ಶಿಸ್ತು ಬಂದಿತೆಂದು ನಾನು ತಿಳಿದೆ. ಅದೇ ವಾರ ಹಳಗನ್ನಡ ಪದ್ಯದ "ಎಂತು" ಎಂಬ ಶಬ್ದಕ್ಕೆ "ಹೇಗೆ" ಎಂದು ಅರ್ಥ ಬರೆಯಿಸಿದವನೂ ನಾನೇ. ಕರಿಹಲಗೆಯ "ಎಂತು" ಮತ್ತು ಹುಡುಗಿಯ ಬಾಯಿಯ "ಎಂತಕ್ಕೆ" ಒಂದೇ ಬೇರಿನವು ಎಂಬುದು ವಿದ್ವಾನ್ ಪದವೀಧರನಿಗೆ ಹೊಳೆದಿರಲಿಲ್ಲ.

ಮಗು ಬಾಯಿ ಮುಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತಿತ್ತು. "ಗುಡ್ಡದ ಹೊಟ್ಟೆಯೊಳಗೆ ಹೋಗ್ತಾ ಇದ್ದೇವೆ, ಅದಕ್ಕೆ ಕತ್ತಲೆ. ಎಂತಕ್ಕೆ ಅಂತಲೇ ಕೇಳು ಮಗ, ಅದು ಒಳ್ಳೆಯ ಮಾತು" ಎಂದೆ. ಅವಳು ನಕ್ಕಳು, ಹಳೆಯದು ಅವಳಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಬೆಳಕಾಯಿತು. ಕಾರವಾರದ ನಿಲ್ದಾಣವು ಪೇಟೆಯಿಂದ ದೂರ, ಶಿರವಾಡದಲ್ಲಿದೆ. ಟೆಂಪೋ ಹಿಡಿಯುವ ಆತುರ ಎಲ್ಲರಿಗೂ. ಅವಳು ಮಗನನ್ನು ಎತ್ತಿಕೊಂಡು ಇಳಿದಳು. ಬುಟ್ಟಿಯನ್ನು ನಾನು ಇಳಿಸಿಕೊಟ್ಟೆ.