ದೊಡ್ಡಮ್ಮನ ಕೋಗಿಲೆ

ಗಡಿಯಾರ ನಿಂತರೆ ನಮ್ಮಂಥವರಿಗೆ ಏನೂ ಆಗುವುದಿಲ್ಲ. ಕೈಯಲ್ಲೊಂದು, ಜೇಬಿನ ಫೋನಿನಲ್ಲೊಂದು, ಕಾಲೇಜಿನ ಗೋಡೆಯ ಮೇಲೊಂದು; ವೇಳೆ ಹೇಳುವವರಿಗೆ ಈ ಕಾಲದಲ್ಲಿ ಬರವಿಲ್ಲ. ಆದರೆ ವಿದುರಾಶ್ವತ್ಥದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಕೋಗಿಲೆ ಗಡಿಯಾರ ದೀಪಾವಳಿಯ ಹೊತ್ತಿಗೆ ಮೂಕವಾದಾಗ ಆದ ಕಥೆ ಬೇರೆ.

ದೊಡ್ಡಮ್ಮನಿಗೆ 82 ವರ್ಷ. ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ಈಗ ಅವರ ಕಣ್ಣಿಗೆ ತಿಳಿಯುತ್ತದೆ. ಗಡಿಯಾರದ ಮುಳ್ಳು ಕಾಣುವುದಿಲ್ಲ. ಬೆಳಗಿನ ಮಾತ್ರೆ, ಮಧ್ಯಾಹ್ನದ ಊಟ, ರಾತ್ರಿಯ ಮಾತ್ರೆ, ಎಲ್ಲವೂ ಆ ಮರದ ಹಕ್ಕಿ ಎಷ್ಟು ಸಲ ಕೂಗಿತೆಂಬ ಲೆಕ್ಕದ ಮೇಲೆ. ಅದು ಮೂಕವಾದ ವಾರದಲ್ಲೇ ಸಂಜೆಯ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ಸಲ ನುಂಗಿ, ತಲೆ ತಿರುಗಿ ಅಂಗಳದಲ್ಲಿ ಕುಸಿದರು. ಮಗ ಪುಣೆಯಿಂದ ಮಾತನಾಡುವ ಗಡಿಯಾರವೊಂದನ್ನು ಕಳಿಸಿದ. ಗುಂಡಿ ಒತ್ತಿದರೆ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ವೇಳೆ ಹೇಳುತ್ತಾಳೆ. “ಕೇಳಿದರೆ ಹೇಳ್ತಾಳೆ, ಇಲ್ಲದಿದ್ದರೆ ಸುಮ್ಮನಿರ್ತಾಳೆ. ಕೇಳೋದೇ ನನಗೆ ಮರೆತುಹೋಗುತ್ತಲ್ಲಪ್ಪ” ಎಂದರು ದೊಡ್ಡಮ್ಮ. ಅದಕ್ಕೆ ನಾನೇನು ಉತ್ತರ ಕೊಡಲಿ?

ವಿದುರಾಶ್ವತ್ಥವೆಂದರೆ ಓದುಗರಿಗೆ 1938ರ ಏಪ್ರಿಲ್ 25 ನೆನಪಾಗುತ್ತದೆ. ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ದಿನ. ಇಲ್ಲವೇ ಸಾಲುಸಾಲು ನಾಗರ ಕಲ್ಲುಗಳು ನೆನಪಾಗುತ್ತವೆ. ದೊಡ್ಡಮ್ಮನಿಗೆ ಊರೆಂದರೆ ಸದ್ದು. ದೇವಸ್ಥಾನದ ಗಂಟೆ, ರೈಲಿನ ಸೀಟಿ, ಅಶ್ವತ್ಥದ ಎಲೆಗಳ ಪಟಪಟ. ಆ ಹಳೆಯ ಮರ 2001ರಲ್ಲಿ ಉರುಳಿತು. ಗಾಳಿ ಬಂದದ್ದು ಆಮೇಲೆ ಮೊದಲಿನಂತೆ ತಿಳಿಯಲಿಲ್ಲ ಎಂದು ಇಂದಿಗೂ ಅನ್ನುತ್ತಾರೆ. ಈಗ ಹಕ್ಕಿಯೂ ಹೋದರೆ ಉಳಿಯುವುದೇನು?

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಈ ಹಕ್ಕಿ ಪಿನಾಕಿನಿಯ ದಡಕ್ಕೆ ಬಂದದ್ದು ದೊಡ್ಡಪ್ಪನ ದೆಸೆಯಿಂದ. ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದರು. 1956ರಲ್ಲಿ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿಮಾನಶಿಲ್ಪಿ ತನ್ನವರನ್ನು ಕಟ್ಟಿಕೊಂಡು ಅಲ್ಲಿಗೆ ಬಂದ. ಅವರ ‘ಮಾರುತ್’ ಯುದ್ಧವಿಮಾನ 1961ರಲ್ಲಿ ಮೊದಲ ಬಾರಿಗೆ ಹಾರಿತು. ಆ ಜರ್ಮನರಲ್ಲೊಬ್ಬ ಊರಿಗೆ ಮರಳುವಾಗ ಗೋಡೆಯ ಗಡಿಯಾರವನ್ನು ದೊಡ್ಡಪ್ಪನ ಕೈಗಿಟ್ಟು ಹೋದನಂತೆ.

ರಿಪೇರಿಗೆ ನಾನು ಕರೆದುಕೊಂಡು ಹೋದದ್ದು ಗೌರಿಬಿದನೂರಿನ ಒಬ್ಬ ಸಾಹೇಬರನ್ನು. ಮೂರಡಿ ಅಂಗಡಿ, ಹಣೆಯ ಮೇಲೆ ಭೂತಗನ್ನಡಿ. ಬಂದವರು ಗಡಿಯಾರವನ್ನು ಮುಟ್ಟಲಿಲ್ಲ. ಲೋಲಕವನ್ನು ಒಮ್ಮೆ ತಳ್ಳಿ, ಕಣ್ಣು ಮುಚ್ಚಿ ಕೇಳಿದರು. “ಕುಂಟ್ತಾ ಇದೆ ಮೇಷ್ಟ್ರೇ” ಎಂದರು. ಟಿಕ್ಕಿಗೂ ಟಾಕಿಗೂ ನಡುವಿನ ಹೊತ್ತು ಸಮವಾಗಿರಬೇಕು. ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡವಾದರೆ ನಾಲ್ಕು ನಿಮಿಷ ನಡೆದು ನಿಲ್ಲುತ್ತದೆ. ಹಬ್ಬಕ್ಕೆ ಸುಣ್ಣ ಹೊಡೆಸಿದಾಗ ಆಳು ಅದನ್ನು ಇಳಿಸಿ ವಾರೆಯಾಗಿ ತೂಗುಹಾಕಿದ್ದ. ಕೆಳಗಿನ ಅಂಚನ್ನು ಒಂದು ಬೆರಳಷ್ಟು ಎಡಕ್ಕೆ ಸರಿಸಿದ್ದೇ ತಡ, ನಡಿಗೆ ಸಮವಾಯಿತು.

ಕೂಗು ಮಾತ್ರ ಬರಲಿಲ್ಲ. ಬಾಗಿಲು ತೆರೆಯಿತು, ಹಕ್ಕಿ ಬಂದು ತಲೆ ಬಾಗಿಸಿತು, ಒಳಗಿನಿಂದ ಉಬ್ಬಸದವರ ಉಸಿರಿನಂಥ ಸದ್ದು. ಬಿಚ್ಚಿ ನೋಡಿದೆವು. ಹಕ್ಕಿಯ ಗಂಟಲು ಹಕ್ಕಿಯಲ್ಲಿಲ್ಲ. ಎರಡು ಮರದ ಕೊಳವೆಗಳು, ಒಂದೊಂದರ ತಲೆಯ ಮೇಲೂ ಕಾಗದ ಅಂಟಿಸಿದ ಪುಟ್ಟ ತಿದಿ. ತಂತಿ ತಿದಿಯನ್ನು ಎತ್ತಿ ಬಿಡುತ್ತದೆ, ಅದು ತನ್ನ ಭಾರಕ್ಕೇ ಕುಸಿದು ಗಾಳಿಯನ್ನು ಕೊಳವೆಗೆ ಊದುತ್ತದೆ. ಉದ್ದ ಕೊಳವೆಯದು ತಗ್ಗುದನಿ, ಗಿಡ್ಡದ್ದು ಏರುದನಿ. ಒಂದರ ಬಾಯಿಗೆ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಇನ್ನೊಂದರ ತಿದಿಯ ಕಾಗದ ಮಡಿಕೆಯಲ್ಲೇ ಹರಿದಿತ್ತು. ಹರಿಯದೆ ಏನು? ಗಂಟೆಗಳ ಕೂಗು, ಅರ್ಧಗಂಟೆಗೆ ಒಂದೊಂದು ಸೇರಿ ದಿನಕ್ಕೆ 180. ಐವತ್ತು ವರ್ಷಕ್ಕೆ ಮೂವತ್ತೆರಡು ಲಕ್ಷ ದಾಟುತ್ತದೆ. ಇಷ್ಟು ಪಾಠ ಮಾಡಿದ ಮೇಷ್ಟರ ಗಂಟಲು ಉಳಿದೀತೆ?

ಸಾಹೇಬರು ಮಣ್ಣು ಕೆರೆದರು, ತೆಳುವಾದ ತೊಗಲು ಕತ್ತರಿಸಿ ತಿದಿಗೆ ಅಂಟಿಸಿದರು. ಅಂಟು ಒಣಗಲು ಒಂದು ವಾರ ಬಿಟ್ಟು, ಮುಂದಿನ ಭಾನುವಾರ ಕೊಳವೆಗಳನ್ನು ಕೂರಿಸುವಾಗ ತಡೆದು, “ಇಲ್ಲಿ ನೋಡಿ” ಎಂದರು. ಪೆಟ್ಟಿಗೆಯ ಒಳಗೋಡೆಯಲ್ಲಿ ಎರಡೆರಡು ಜೊತೆ ತಿರುಪಿನ ತೂತುಗಳಿದ್ದುವು. ಹಳೆಯವನ್ನು ಮೇಣ ತುಂಬಿ ಮುಚ್ಚಿತ್ತು. ಉದ್ದ ಕೊಳವೆಯ ಮೇಲೆ ಮೊಳೆಯ ತುದಿಯಿಂದ ಗೀರಿದ ಕನ್ನಡದ ೧, ಗಿಡ್ಡದರ ಮೇಲೆ ೨. “ಯಾರೋ ಅದಲುಬದಲು ಮಾಡಿದ್ದಾರೆ. ಗಿಡ್ಡದ್ದು ಮೊದಲು ಕೂಗಬೇಕು. ಕಂಪನಿಯವರು ಇಟ್ಟ ಹಾಗೇ ಇಡ್ತೀನಿ” ಎಂದು ಹಳೆಯ ತೂತುಗಳಿಗೇ ಬಿಗಿದರು.

ಮುಳ್ಳು ಹನ್ನೊಂದಕ್ಕೆ ಬಂದಿತು. ಹಕ್ಕಿ ಹೊರಬಂದು ಚೊಕ್ಕವಾಗಿ ಕೂಗಿತು, ಮೇಲಿನಿಂದ ಕೆಳಕ್ಕೆ. ಒಳಗಿನಿಂದ ದೊಡ್ಡಮ್ಮನ ದನಿ: “ಅದ್ಯಾರ ಮನೆ ಗಡಿಯಾರನೋ?”

ಯುರೋಪಿನ ಕುಕ್ಕೂ ಬೇರೆ, ನಮ್ಮ ಕೋಗಿಲೆ ಬೇರೆ. ಎರಡೂ ಪರರ ಗೂಡಿನಲ್ಲಿ ಮೊಟ್ಟೆಯಿಡುವ ಜಾಣರೇ. ಆದರೆ ಅದು ಬೂದು, ಇದರ ಗಂಡು ಕಪ್ಪು. ಅದರ ಕೂಗು ಇಳಿಯುತ್ತದೆ. ಬೀಥೋವನನ ಆರನೆಯ ಸಿಂಫನಿಯಲ್ಲಿ ಕ್ಲಾರಿನೆಟ್ಟಿನಿಂದ ಬರುವುದೂ ಆ ಇಳಿಯುವ ದನಿಯೇ. ನಮ್ಮದು ಕುಹೂ ಎಂದು ಏರುತ್ತದೆ. ಪಂಪ ಬನವಾಸಿಯಲ್ಲಿ ಹುಟ್ಟಬಯಸಿದ್ದು ಈ ಹಕ್ಕಿಯಾಗಿ. ತರಗತಿಯಲ್ಲಿ ವರ್ಷವರ್ಷವೂ ಹೇಳುವ ಮಾತು ನನಗೆ ಅಲ್ಲಿ ಬೇರೆಯಾಗಿ ಕೇಳಿಸಿತು. ವಿಮಾನದ ಬಿಡಿಭಾಗ ಜೋಡಿಸಿದ ಕೈ ಎರಡು ಕೊಳವೆ ಗುರುತಿಸಲಾರದೆ ತಪ್ಪಿತೆಂದು ನಾನು ನಂಬಲಾರೆ. ಹೊಸ ತೂತು ಕೊರೆದು ಅಂಕಿ ಬರೆದದ್ದು ಬೇಕೆಂದೇ ಇರಬೇಕು.

ದೊಡ್ಡಮ್ಮನನ್ನೇ ಕೇಳಿದೆ. “ನನಗೇನು ಗೊತ್ತು? ತಂದ ಹೊಸದರಲ್ಲಿ, ಇದೇನು ಶೋಕದ ಹಕ್ಕಿ, ನೆಲ ನೋಡಿಕೊಂಡೇ ಕೂಗುತ್ತಲ್ಲ ಅಂದಿದ್ದೆ. ಆಮೇಲೆ ಒಂದು ಭಾನುವಾರವೆಲ್ಲ ಬಿಚ್ಚಿಕೊಂಡು ಕೂತಿದ್ದರು” ಎಂದರು.

ಸಾಹೇಬರು ಮಾತಾಡಲಿಲ್ಲ. ಆಗತಾನೆ ಬಿಗಿದ ತಿರುಪುಗಳನ್ನು ಬಿಚ್ಚಿ ದೊಡ್ಡಪ್ಪನ ತೂತುಗಳಿಗೆ ಬಿಗಿದರು. ಮತ್ತೊಂದು ತೊಡಕು ಉಳಿದಿತ್ತು. ಕೂಗಿನ ಲೆಕ್ಕವಿಡುವ ಚಕ್ರದ ಅಂಚಿನಲ್ಲಿ ಒಂದರಿಂದ ಹನ್ನೆರಡರವರೆಗೆ ದೂರ ಹೆಚ್ಚುತ್ತ ಹೋಗುವ ಕಚ್ಚುಗಳಿವೆ. ಅದಕ್ಕೆ ಮುಳ್ಳಿನ ಗೊಡವೆಯಿಲ್ಲ. ಮುಳ್ಳು ಹನ್ನೆರಡು ತೋರಿಸಿದರೆ ಹಕ್ಕಿ ಏಳು ಎನ್ನುತ್ತಿತ್ತು. ಸನ್ನೆತಂತಿಯನ್ನು ಮತ್ತೆ ಮತ್ತೆ ಎತ್ತಿ ಕೂಗಿಸುತ್ತ ಹನ್ನೆರಡಕ್ಕೆ ತಂದರು. ಅಷ್ಟು ಹೊತ್ತೂ ದೊಡ್ಡಮ್ಮ ಹೊಸ್ತಿಲ ಮೇಲೆ ಕುಳಿತು ಬೆರಳು ಮಡಿಚಿ ಎಣಿಸುತ್ತಿದ್ದರು.

ಸಾಹೇಬರು ಮುನ್ನೂರು ರೂಪಾಯಿ ತೆಗೆದುಕೊಂಡರು. ತೊಗಲಿನ ಕಾಸು ಬೇಡವೆಂದರು. ಗಡಿಯಾರ ಮೊದಲ ವಾರ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು. ಲೋಲಕದ ಮರದ ಎಲೆಯನ್ನು ಕೂದಲೆಳೆಯಷ್ಟು ಕೆಳಗೆ ಜಾರಿಸಿದೆ. ಈಗ ಎರಡು ನಿಮಿಷ ಹಿಂದೆ. ಭಾನುವಾರ ಹೋದಾಗ ಸ್ವಲ್ಪ ಮೇಲಕ್ಕೆ ಸರಿಸಬೇಕು.