ಬಂಡೂರು ಸೀಮೆಯ ಕಾಗೆಗಳು

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಗೆ ಹೆಸರಾದ ಊರು. ಗಿಡ್ಡ ಕಾಲಿನ, ತುಂಬಿದ ಮೈಯ ಆ ಕುರಿಗಳು ಮೇಯುವ ಬಯಲಿನಲ್ಲಿ ಕಾಗೆ ಇದ್ದೇ ಇರುತ್ತದೆ. ಈ ಸೀಮೆಯಲ್ಲಿ ಎರಡು ಬಗೆಯ ಕಾಗೆಗಳಿವೆ. ಕತ್ತು, ಎದೆ ಬೂದಿ ಬಣ್ಣದ್ದು ಊರ ಕಾಗೆ. ಮೈಯೆಲ್ಲ ಕಪ್ಪು, ಕೊಕ್ಕು ದಪ್ಪ, ದನಿ ಗಡುಸು, ಗಾತ್ರವೂ ತುಸು ದೊಡ್ಡದು ಎಂದರೆ ಅದು ಕಾಡು ಕಾಗೆ. ಪಾಶ್ಚಾತ್ಯ ಕಥೆಗಳಲ್ಲಿ ಬರುವ ರೇವನ್ ಇವಕ್ಕಿಂತ ಬಹಳ ದೊಡ್ಡದು. ಭಾರತದಲ್ಲಿ ಅದು ಹಿಮಾಲಯ ಮತ್ತು ವಾಯವ್ಯದ ಒಣ ಸೀಮೆಯ ಹಕ್ಕಿ, ಕರ್ನಾಟಕದಲ್ಲಿಲ್ಲ.

ಊರ ಕಾಗೆಯ ಬದುಕು ಪೂರ್ತಿ ಮನುಷ್ಯನಿಗೆ ಅಂಟಿಕೊಂಡಿದೆ. ಜನವಸತಿಯಿಂದ ದೂರ ಉಳಿದು ತಾನೇ ಬಾಳುವ ಊರ ಕಾಗೆಯ ಹಿಂಡು ಎಲ್ಲಿಯೂ ಕಂಡುಬಂದಿಲ್ಲ. ಹಡಗುಗಳ ಬೆನ್ನುಹತ್ತಿ ಅದು ಆಫ್ರಿಕದ ಪೂರ್ವ ಕರಾವಳಿಯವರೆಗೂ ಹೋಗಿದೆ. ಜಾಂಜಿಬಾರ್‌ನಲ್ಲಿ 1890ರ ದಶಕದಲ್ಲಿ ಕಸ ತಿಂದು ಊರು ಚೊಕ್ಕಟ ಮಾಡಲೆಂದೇ ಅದನ್ನು ತಂದು ಬಿಟ್ಟರು. ಈಗ ಆ ಕರಾವಳಿಯ ಸ್ಥಳೀಯ ಹಕ್ಕಿಗಳಿಗೆ ಅದೇ ಕಾಟವಾಗಿದೆ, ಕೀನ್ಯಾ ಸರ್ಕಾರ 2024ರಲ್ಲಿ ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಿತು.

ಬಂಡೂರಿನ ಸುತ್ತಿನಲ್ಲಿ ಕಾಗೆಯ ದುಡಿಮೆಗೆ ಎಣೆಯಿಲ್ಲ. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಹರಿದ ಗದ್ದೆಯಲ್ಲಿ ಕೆಸರು ಉಳುವಾಗ ನೇಗಿಲೋ ಟ್ರ್ಯಾಕ್ಟರೋ ಮುಂದೆ ಸಾಗಿದರೆ ಕಾಗೆಗಳು ಹಿಂದೆ ನಡೆಯುತ್ತವೆ. ಮೇಲೆದ್ದ ಹುಳು, ಏಡಿ, ಕಪ್ಪೆಮರಿ ಅವುಗಳ ಪಾಲು. ದನ, ಕುರಿಗಳ ಬೆನ್ನೇರಿ ಉಣ್ಣೆಹುಳು ಹೆಕ್ಕುತ್ತವೆ. ಕುರಿ ಈದ ಜಾಗದಲ್ಲಿ ಮಾಸು ಬಿದ್ದರೆ ಮೊದಲು ಬರುವುದೂ ಅವೇ, ಆಗ ಎದ್ದು ನಿಲ್ಲಲಾರದ ಎಳೆಮರಿಯ ಕಣ್ಣಿಗೆ ಕಾಡು ಕಾಗೆ ಕುಕ್ಕದಂತೆ ಕುರಿಗಾಹಿ ಕೋಲು ಹಿಡಿದು ಕಾಯಬೇಕು. ಒಣಹಾಕಿದ ಕಾಳಿನ ಮೇಲೂ ಅವುಗಳ ಕಣ್ಣಿದೆ. ಹೊಲದಲ್ಲಿ ಬೆರ್ಚಪ್ಪನನ್ನು ನಿಲ್ಲಿಸಿದರೂ ಕಾಗೆ ಕೆಲವೇ ದಿನಗಳಲ್ಲಿ ಅದರ ಗುಟ್ಟು ಅರಿಯುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಝ್ಲಫ್ ಮತ್ತು ಸಂಗಡಿಗರು ಮುಖವಾಡ ತೊಟ್ಟು ಅಲ್ಲಿನ ಕಾಗೆಗಳನ್ನು ಹಿಡಿದು ಬಿಟ್ಟರು. ಆ ಮುಖವಾಡ ಮತ್ತೆ ಕಂಡಾಗಲೆಲ್ಲ, ವರ್ಷಗಳ ನಂತರವೂ, ಕಾಗೆಗಳು ಅರಚಿ ಮೇಲೆರಗಿದವು. ತೊಂದರೆ ಕೊಟ್ಟವರ ಮುಖ ಕಾಗೆ ಮರೆಯದೆಂಬ ಹಳ್ಳಿಯವರ ಮಾತಿಗೆ ಇದು ಬಲವಾದ ಸಾಕ್ಷಿ.

ಮುಂಗಾರಿನ ಆಸುಪಾಸಿನಲ್ಲಿ ಊರ ಕಾಗೆ ಗೂಡು ಕಟ್ಟುತ್ತದೆ. ಹೊರಗೆ ಕಡ್ಡಿ, ತಂತಿ. ಒಳಗೆ ತೆಂಗಿನ ನಾರು, ಕೂದಲು. ನಸುನೀಲಿ ಹಸಿರಿನ ನಾಲ್ಕೈದು ಮೊಟ್ಟೆಗೆ ಹದಿನಾರು ಹದಿನೇಳು ದಿನ ಕಾವು. ಇದೇ ಹೊತ್ತಿಗೆ ಕೋಗಿಲೆ ತನ್ನ ಮೊಟ್ಟೆಯನ್ನು ಆ ಗೂಡಿಗೆ ಸೇರಿಸುತ್ತದೆ, ಅದರ ಮರಿ ಮೊದಲು ಒಡೆದು ಬರುತ್ತದೆ. ಅನೇಕ ಪರಪುಟ್ಟ ಹಕ್ಕಿಗಳ ಮರಿಗಳಿಗಿಂತ ಭಿನ್ನವಾಗಿ, ಕೋಗಿಲೆ ಮರಿ ಜೊತೆಯ ಮರಿಗಳನ್ನು ಸಾಮಾನ್ಯವಾಗಿ ಹೊರದಬ್ಬುವುದಿಲ್ಲ. ಆಹಾರಕ್ಕಾಗಿ ಬಾಯಿ ತೆರೆದು ಪಾಲು ಕಿತ್ತುಕೊಳ್ಳುತ್ತದೆ ಅಷ್ಟೆ. ಅದನ್ನು ಸಾಕಿ ಬೆಳೆಸುವ ಕಾಗೆಯನ್ನು ಹೆಡ್ಡ ಎನ್ನುವುದು ತಪ್ಪು.

ಕಾಗೆಯ ಕಳ್ಳತನವನ್ನು ಮುಚ್ಚಿಡುವಂತಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಜನ ಗದ್ದಲ ಮಾಡಿ ತಾಯಿಹಕ್ಕಿ ಹಾರಿದ ಕ್ಷಣವೇ ಕಾಗೆ ಮೊಟ್ಟೆ ಕದಿಯುತ್ತದೆ. ತಾಯಿ ಎದ್ದು ಹೋಗದಂತೆ ನೋಡಿಕೊಂಡರೆ ಈ ನಷ್ಟದಲ್ಲಿ ಬಹುಪಾಲು ತಪ್ಪುತ್ತದೆ.

ಇಷ್ಟಾಗಿಯೂ ಸಾವಿನ ಮನೆಯಲ್ಲಿ ಕಾಗೆಗೇ ಮೊದಲ ಮರ್ಯಾದೆ. ಮೂರನೆಯ ದಿನದ ಹಾಲುತುಪ್ಪಕ್ಕೆ ಸಮಾಧಿಯ ಮೇಲೆ, ತಿಥಿಗೆ ಎಡೆಯ ಎದುರು, ಸತ್ತವರಿಗೆ ಇಷ್ಟವಾಗಿದ್ದ ತಿನಿಸಿಟ್ಟು ಮನೆಮಂದಿ ಕಾಯುತ್ತಾರೆ. ಕಾಗೆ ಮುಟ್ಟದಿದ್ದರೆ ಹಿರಿಯರಿಗೆ ಏನೋ ಆಸೆ ಉಳಿದಿದೆ ಎಂದು ಕೈಮುಗಿದು, ನಡೆಸಿಕೊಡುತ್ತೇವೆಂದು ಮಾತು ಕೊಡುತ್ತಾರೆ. ಬೇರೆ ದಿನ ಅದೇ ಕಾಗೆ ತಲೆಗೆ ಸೋಕಿದರೆ ಅಪಶಕುನ. ಅಂಗಳದಲ್ಲಿ ಕೂಗಿದರೆ ನೆಂಟರು ಬರುವ ಸೂಚನೆ. ಶನಿಯ ವಾಹನವೆಂಬ ಅಂಜಿಕೆ ಬೇರೆ. ಬಸವಣ್ಣನವರು ಮಾತ್ರ 12ನೇ ಶತಮಾನದಲ್ಲೇ ಆಹಾರ ಕಂಡೊಡನೆ ಬಳಗವನ್ನು ಕೂಗಿ ಕರೆಯುವ ಅದರ ನಡತೆಯನ್ನು ಭಕ್ತರಿಗೆ ಮಾದರಿಯಾಗಿ ತೋರಿದರು.

ದೇಶದಲ್ಲಿ ರಣಹದ್ದುಗಳು ಕರಗಿದ ಮೇಲೆ ಸತ್ತ ದನಕುರಿಯನ್ನು ತೀರಿಸುವ ಕೆಲಸದಲ್ಲಿ ನಾಯಿಗಳ ಜೊತೆ ಕಾಗೆಯ ಪಾಲೂ ಇದೆ. ಹದ್ದುಗಳನ್ನು ಕೊಂದ ಡೈಕ್ಲೋಫೆನಾಕ್ ಮದ್ದನ್ನು ಜಾನುವಾರುಗಳಿಗೆ ಕೊಡುವುದನ್ನು 2006ರಲ್ಲಿ ನಿಷೇಧಿಸಲಾಯಿತು. ಉಳಿದ ಹದ್ದುಗಳಿಗಾಗಿ ಪಕ್ಕದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ಧಾಮವಾಯಿತು. ಇತ್ತ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲಿ, ಹಣ್ಣುಬಾವಲಿಗಳ ಜೊತೆ ಕಾಗೆಯನ್ನೂ ಉಪದ್ರವಿಗಳ ಪಟ್ಟಿಗೆ ಹಾಕಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ರದ್ದಾಯಿತು. ನಾಯಿ, ಚಿರತೆಗೆಂದು ಸತ್ತ ಕುರಿಗೆ ವಿಷ ಹಚ್ಚಿದರೆ ಅದನ್ನು ಮೊದಲು ತಿನ್ನುವ ಪ್ರಾಣಿಗಳಲ್ಲಿ ಕಾಗೆಯೂ ಒಂದು. ಕುರಿ ಸಾಕುವವರು ಆ ಕೆಲಸಕ್ಕೆ ಕೈ ಹಾಕಬಾರದು.